ತಲೆಗೆ ಪ್ಯಾಚ್ ಹಾಕಿಸುವ ಮುನ್ನ: ಶಸ್ತ್ರಚಿಕಿತ್ಸೆಯಿಲ್ಲದ ಕೂದಲ ಪರಿಹಾರಗಳನ್ನು ಅಳೆದು ನೋಡುವ ಬಗೆ

‘ಶಸ್ತ್ರಚಿಕಿತ್ಸೆ ಇಲ್ಲ, ನೋವಿಲ್ಲ, ಒಂದೇ ಗಂಟೆಯಲ್ಲಿ ತಲೆತುಂಬ ಕೂದಲು’ ಎಂಬ ಫಲಕ ಮೈಸೂರಿನ ಪೇಟೆ ಬೀದಿಗಳಲ್ಲಿ ಈಗ ಅಪರೂಪವಲ್ಲ. ಆ ಮಾತಿನಲ್ಲಿ ಸುಳ್ಳಿಲ್ಲ, ಆದರೆ ಹೇಳದೆ ಬಿಟ್ಟದ್ದು ಬಹಳವಿದೆ. ಹೇರ್ ಫಿಕ್ಸಿಂಗ್, ಬಾಂಡಿಂಗ್, ವೀವಿಂಗ್, ನಾನ್ ಸರ್ಜಿಕಲ್ ರೀಪ್ಲೇಸ್‌ಮೆಂಟ್ ಎಂದು ಯಾವ ಹೆಸರಿಟ್ಟರೂ ಕೆಲಸ ಒಂದೇ. ತೆಳುವಾದ ಬಲೆಯ ಅಥವಾ ಪೊರೆಯ ಮೇಲೆ ಬೇರೆಯವರ ಕೂದಲನ್ನು ಎಳೆ ಎಳೆಯಾಗಿ ಕೂರಿಸಿ, ಅದನ್ನು ನಮ್ಮ ಬೋಳಾದ ಜಾಗಕ್ಕೆ ಅಂಟಿಸುತ್ತಾರೆ, ಸಿಕ್ಕಿಸುತ್ತಾರೆ ಅಥವಾ ಹೊಲಿಯುತ್ತಾರೆ. ಅಲ್ಲಿ ಹೊಸದಾಗಿ ಒಂದೆಳೆಯೂ ಹುಟ್ಟುವುದಿಲ್ಲ. ಅಂಗಡಿಯವರೂ ಗಿರಾಕಿಗಳೂ ಬಾಯಿಮಾತಿನಲ್ಲಿ ಇದನ್ನು ಪ್ಯಾಚ್ ಎಂದೇ ಕರೆಯುವುದರಿಂದ ನಾನೂ ಅದೇ ಪದವನ್ನು ಬಳಸುತ್ತೇನೆ.

ನಾನು ಮಂಡ್ಯದವನು, ಎಂಟು ವರ್ಷಗಳಿಂದ ಪ್ಯಾಚ್ ಹಾಕುತ್ತಿದ್ದೇನೆ. ಮೊದಲ ಎರಡನ್ನು ಕೊಂಡದ್ದು ಅಂಗಡಿಯ ಕನ್ನಡಿಯಲ್ಲಿ ಕಂಡ ಮುಖವನ್ನು ನಂಬಿ. ಆ ಕನ್ನಡಿಯ ಮುಂದೆ ಕೆಟ್ಟದಾಗಿ ಕಾಣುವ ಪ್ಯಾಚನ್ನು ನಾನು ಇದುವರೆಗೆ ನೋಡಿಲ್ಲ: ಆಗತಾನೆ ಕತ್ತರಿಸಿ, ಬಾಚಿ, ಸೀರಮ್ ಸವರಿ ನಿಲ್ಲಿಸಿದ ಕೂದಲು ಯಾರ ತಲೆಯ ಮೇಲಾದರೂ ಚೆಂದವೇ. ಆದ್ದರಿಂದ ಯಾವುದೇ ವಿಧಾನವನ್ನು ಅಳೆಯುವಾಗ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಳ್ಳಬೇಕೆಂದು ನನ್ನ ಅನುಭವ ಹೇಳುತ್ತದೆ. ಹಾಕಿಸಿದ ಇಪ್ಪತ್ತೊಂದನೆಯ ದಿನ ಇದು ಹೇಗಿರುತ್ತದೆ? ಇದನ್ನು ನಾನೇ, ನನ್ನ ಮನೆಯಲ್ಲಿ, ಯಾರ ನೆರವೂ ಇಲ್ಲದೆ ತೆಗೆದು ಮತ್ತೆ ಹಾಕಿಕೊಳ್ಳಬಲ್ಲೆನೇ? ಮುಂದಿನ ವಿವರಗಳೆಲ್ಲ ಈ ಎರಡರ ಸುತ್ತಲೇ ಇವೆ.

ಮೊದಲು ಉದುರುವ ಕಾರಣ ತಿಳಿಯಲಿ

ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ. ಅದಕ್ಕಿಂತ ಹೆಚ್ಚು ಉದುರುತ್ತಿದ್ದರೆ, ಪ್ಯಾಚಿನ ಅಂಗಡಿಗೆ ಹೋಗುವ ಮುನ್ನ ಚರ್ಮರೋಗ ವೈದ್ಯರಿಗೆ ತಲೆ ತೋರಿಸಬೇಕು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಾಗಲಿ ಮಂಡ್ಯದ ಮಿಮ್ಸ್‌ನಲ್ಲಾಗಲಿ ಹೊರರೋಗಿ ಚೀಟಿ ಮಾಡಿಸಿ ತೋರಿಸಿಕೊಳ್ಳಲು ತಗಲುವ ಖರ್ಚು ಪ್ಯಾಚ್ ಅಂಟಿಸುವ ಒಂದು ಟೇಪ್ ರೋಲಿನ ಬೆಲೆಯನ್ನೂ ಮುಟ್ಟಲಾರದು. ಕಳೆದುಕೊಳ್ಳುವುದೆಂದರೆ ಅರ್ಧ ದಿನ ಅಷ್ಟೇ.

ಡೆಂಗ್ಯೂ, ಟೈಫಾಯ್ಡ್‌ನಂಥ ಜ್ವರ, ಹೆರಿಗೆ, ದೊಡ್ಡ ಶಸ್ತ್ರಚಿಕಿತ್ಸೆ, ಮನೆಯಲ್ಲಿ ಸಾವು ಇವುಗಳಲ್ಲಿ ಯಾವುದಾದರೂ ಆಗಿ ಎರಡು ಮೂರು ತಿಂಗಳ ಬಳಿಕ ಹಿಡಿ ಹಿಡಿಯಾಗಿ ಕೂದಲು ಉದುರಲು ಶುರುವಾಗುವುದುಂಟು. ನೋಡಿದವರ ಎದೆ ಒಡೆಯುವಂತಿದ್ದರೂ ಇದು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನಾಗಿಯೇ ನಿಂತು ಕೂದಲು ಮರಳಿ ಬರುತ್ತದೆ. ಕಬ್ಬಿಣಾಂಶದ ಕೊರತೆ ಮತ್ತು ಥೈರಾಯ್ಡ್ ತೊಂದರೆಗಳನ್ನು ರಕ್ತಪರೀಕ್ಷೆಯಲ್ಲಿ ಹಿಡಿಯಬಹುದು. ನಮ್ಮ ಕಡೆ ‘ಹುಳ ತಿಂದಿದೆ’ ಎನ್ನುವ, ನಾಣ್ಯದಷ್ಟಗಲ ನುಣ್ಣಗೆ ಬೋಳಾಗುವ ಕಾಯಿಲೆಗೆ ಯಾವ ಹುಳವೂ ಕಾರಣವಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಕೂದಲ ಬುಡದ ಮೇಲೆ ತಿರುಗಿಬೀಳುವುದರಿಂದ ಅದು ಬರುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ನೆತ್ತಿ ಕೆಂಪಾಗಿ, ಹೊಪ್ಪಳೆ ಎದ್ದು, ಉರಿಯೊಂದಿಗೆ ಕೂದಲು ಹೋಗುತ್ತಿದ್ದರೆ ತಡಮಾಡುವಂತಿಲ್ಲ, ಏಕೆಂದರೆ ಕೆಲವು ಬಗೆಯ ಉರಿಯೂತಗಳಲ್ಲಿ ಬುಡವೇ ಗಾಯವಾಗಿ ಮುಚ್ಚಿಹೋಗುತ್ತದೆ. ಇಂಥ ಯಾವ ಸ್ಥಿತಿಯಲ್ಲೂ ಮೇಲಿಂದ ಪ್ಯಾಚ್ ಮುಚ್ಚಿಬಿಟ್ಟರೆ ಒಳಗೆ ನಡೆಯುವುದು ಯಾರಿಗೂ ಕಾಣದು.

ಇನ್ನು ಉಳಿಯುವುದು ವಂಶಪಾರಂಪರ್ಯವಾಗಿ ಬರುವ, ಹಣೆಯ ಎರಡು ಮೂಲೆಗಳಿಂದಲೂ ನೆತ್ತಿಯಿಂದಲೂ ನಿಧಾನವಾಗಿ ಹಿಂದೆ ಸರಿಯುವ ಬೋಳು. ಇದನ್ನು ವೈದ್ಯರು ನಾರ್ವುಡ್ ಪಟ್ಟಿಯ ಏಳು ಹಂತಗಳಲ್ಲಿ ಗುರುತಿಸುತ್ತಾರೆ. ಆರಂಭದ ಹಂತದಲ್ಲಿರುವವರಿಗೆ 1988ರಿಂದ ಅಮೆರಿಕದಲ್ಲಿ ಮಾನ್ಯತೆ ಪಡೆದಿರುವ, ಹಚ್ಚುವ ಮಿನಾಕ್ಸಿಡಿಲ್ ಇದೆ. ಗಂಡಸರಿಗೆ 1997ರಿಂದ ಫಿನಾಸ್ಟರೈಡ್ ಮಾತ್ರೆಯೂ ಇದೆ. ಎರಡನ್ನೂ ವೈದ್ಯರ ಸಲಹೆಯಿಲ್ಲದೆ ಮುಟ್ಟಬಾರದು. ನಿಲ್ಲಿಸಿದರೆ ಉಳಿದ ಲಾಭವೂ ತಿಂಗಳುಗಳಲ್ಲಿ ಕರಗುತ್ತದೆ. ನಮ್ಮ ರಕ್ತದ್ದೇ ಅಂಶವನ್ನು ಬೇರ್ಪಡಿಸಿ ಚುಚ್ಚುವ ಪಿಆರ್‌ಪಿಯನ್ನೂ ‘ಶಸ್ತ್ರಚಿಕಿತ್ಸೆ ಇಲ್ಲದ’ ಎಂಬ ಅದೇ ಮಾತಿನಡಿ ಮಾರುತ್ತಾರೆ. ಅದರ ಫಲ ಒಬ್ಬೊಬ್ಬರಿಗೆ ಒಂದೊಂದು ತೆರನಾದ್ದರಿಂದ ಅದನ್ನು ಪ್ಯಾಚಿನೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇಲ್ಲಿ ಅಂಗಡಿಯವರು ಹೇಳದ ಒಂದು ಸಂಗತಿಯಿದೆ. ವಾರಗಟ್ಟಲೆ ಅಂಟಿಸಿಟ್ಟುಕೊಳ್ಳುವ ಪ್ಯಾಚ್ ಹಾಕಿಸಿದರೆ, ಅದರ ಕೆಳಗಿನ ನೆತ್ತಿಗೆ ದಿನವೂ ಮಿನಾಕ್ಸಿಡಿಲ್ ಹಚ್ಚಲಾಗುವುದಿಲ್ಲ, ಹಚ್ಚಿದರೆ ಅಂಟು ಬಿಡುತ್ತದೆ. ಅಂದರೆ ಇನ್ನೂ ಉಳಿಸಿಕೊಳ್ಳಬಹುದಾದ ಕೂದಲಿರುವ ಇಪ್ಪತ್ತೈದರ ಹುಡುಗ ಅಂಟಿನ ಪ್ಯಾಚಿಗೆ ಹೋದರೆ ಚಿಕಿತ್ಸೆಯ ಬಾಗಿಲನ್ನು ತಾನೇ ಮುಚ್ಚಿಕೊಂಡಂತೆ. ಅವನಿಗೆ ಪ್ಯಾಚಿನ ಕಾಲ ಇನ್ನೂ ಬಂದಿಲ್ಲ.

ಪ್ಯಾಚಿಗಿಂತ ಹಗುರವಾದ ದಾರಿಗಳು

ಕೂದಲು ತೆಳುವಾಗಿದೆಯೇ ಹೊರತು ಪೂರ್ತಿ ಹೋಗಿಲ್ಲ ಎನ್ನುವವರಿಗೆ ಹೇರ್ ಫೈಬರ್ ಎಂಬ ಪುಡಿ ಸಿಗುತ್ತದೆ. ಕೂದಲಿನಲ್ಲೇ ಇರುವ ಕೆರಾಟಿನ್ ಎಂಬ ಪ್ರೋಟೀನಿನಿಂದಲೋ ಹತ್ತಿಯಂಥ ನಾರಿನಿಂದಲೋ ಮಾಡಿದ ಆ ಸಣ್ಣ ಸಣ್ಣ ಎಳೆಗಳು ಸ್ಥಿರವಿದ್ಯುತ್ತಿನ ಬಲದಿಂದ ಇರುವ ಕೂದಲಿಗೆ ಅಂಟಿ ಅದನ್ನು ದಪ್ಪವಾಗಿ ತೋರಿಸುತ್ತವೆ. ಹಿಡಿದುಕೊಳ್ಳಲು ಕೂದಲೇ ಇಲ್ಲದ ನುಣುಪು ನೆತ್ತಿಯ ಮೇಲೆ ಅದು ನಿಲ್ಲದು. ಮಳೆಗೆ ಸಿಕ್ಕರೆ ಹಣೆಯ ಮೇಲೆ ಇಳಿಯುತ್ತದೆ, ರಾತ್ರಿ ದಿಂಬಿಗೆ ಮೆತ್ತುತ್ತದೆ. ಆದರೂ ಮದುವೆ, ಸಂದರ್ಶನ, ಫೋಟೋ ಇಂಥ ಒಂದು ದಿನದ ಅಗತ್ಯಕ್ಕೆ ಇಷ್ಟು ಕಡಿಮೆ ಖರ್ಚಿನ, ಅಪಾಯವಿಲ್ಲದ ದಾರಿ ಬೇರೊಂದಿಲ್ಲ.

ನೆತ್ತಿಗೆ ಸೂಜಿಯಿಂದ ಬಣ್ಣದ ಚುಕ್ಕೆ ಇಡುವ ಸ್ಕಾಲ್ಪ್ ಮೈಕ್ರೋಪಿಗ್ಮೆಂಟೇಶನ್ ಹಚ್ಚೆಯ ಜಾತಿಯದು. ಅದರಿಂದ ಬರುವುದು ನುಣ್ಣಗೆ ಬೋಳಿಸಿ ಎರಡು ದಿನವಾದ ತಲೆಯ ನೋಟ. ಉದ್ದ ಕೂದಲ ನೋಟವಲ್ಲ. ವರ್ಷಗಳು ಕಳೆದಂತೆ ಬಣ್ಣ ಮಾಸುವುದರಿಂದ ಮತ್ತೆ ತಿದ್ದಿಸಬೇಕಾಗುತ್ತದೆ. ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯದ ಕಡೆ ಕುಳಿತುಕೊಳ್ಳಲೇಬೇಡಿ.

ತೆಗೆಯುವ ಬಗೆಯಿಂದಲೇ ಆಯ್ಕೆ ಶುರುವಾಗಲಿ

ಸಾಮಾನ್ಯವಾಗಿ ಜನ ಮೊದಲು ಕೂದಲನ್ನು ನೋಡುತ್ತಾರೆ, ಅಂಟಿಸುವ ಬಗೆಯನ್ನು ಅಂಗಡಿಯವರಿಗೆ ಬಿಡುತ್ತಾರೆ. ನಾನು ಇದನ್ನು ತಿರುವುಮುರುವು ಮಾಡಿ ನೋಡಬೇಕೆನ್ನುತ್ತೇನೆ. ಅದಕ್ಕೆ ಕಾರಣವೂ ಇದೆ.

ನಮ್ಮಪ್ಪ ತೀರಿಕೊಂಡಾಗ ನನ್ನ ತಲೆಯ ಮೇಲಿದ್ದದ್ದು ದ್ರವದ ಅಂಟಿನಿಂದ ಸುತ್ತಲೂ ಕೂರಿಸಿದ್ದ ಪ್ಯಾಚ್. ತೆಗೆಯುವುದು, ತೊಳೆಯುವುದು, ಮತ್ತೆ ಕೂರಿಸುವುದು ಎಲ್ಲವೂ ಮೈಸೂರಿನ ಅಂಗಡಿಯಲ್ಲೇ ಆಗುತ್ತಿದ್ದುದರಿಂದ ಆ ಅಂಟನ್ನು ಬಿಡಿಸುವ ದ್ರಾವಣ ಯಾವುದೆಂದು ಕೂಡ ನನಗೆ ತಿಳಿದಿರಲಿಲ್ಲ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡುವ ದಿನ, ಕೇಶಮುಂಡನಕ್ಕೆ ಕುಳಿತಾಗಲೇ ನನಗೆ ಅದರ ನೆನಪಾದದ್ದು. ತಮ್ಮ ಬೋಳಿಸಿಕೊಂಡು ನದಿಗಿಳಿದಿದ್ದ. ಕ್ಷೌರಿಕ ನೀರು ಚಿಮುಕಿಸಲು ಬಂದು, ಕಿವಿಯ ಮೇಲಿನ ಅಂಚನ್ನು ಬೆರಳಿನಲ್ಲಿ ಒಮ್ಮೆ ಸವರಿ, ಸುಮ್ಮನೆ ನನ್ನ ಮುಖ ನೋಡಿದ. ಆಮೇಲೆ ಬಗ್ಗಿ, “ಎಣ್ಣೆ ಹಾಕಿ ನೋಡಾನ ಕಣಣ್ಣ, ಗಾಬ್ರಿ ಬ್ಯಾಡ” ಎಂದು ದೀಪಕ್ಕೆಂದು ತಂದಿದ್ದ ಎಳ್ಳೆಣ್ಣೆಯನ್ನು ಅಂಚಿಗೆ ಬಿಟ್ಟ. ಮುಕ್ಕಾಲು ಗಂಟೆ ಹಿಡಿಯಿತು. ಹಿಂದಿನ ಅಂಚಿನಲ್ಲಿ ಚರ್ಮವೂ ಸ್ವಲ್ಪ ಕಿತ್ತುಬಂತು. ಅತ್ತೆ ಮಾವಂದಿರು, ಪುರೋಹಿತರು ಎಲ್ಲರೂ ಬೇರೆ ಕಡೆ ನೋಡುತ್ತ ನಿಂತಿದ್ದರು. ಆ ಸೌಜನ್ಯವೇ ನನಗೆ ಹೆಚ್ಚು ಚುಚ್ಚಿತು.

ತಲೆ ಬೋಳಿಸುವ ಸಂದರ್ಭಗಳು ನಮ್ಮಲ್ಲಿ ಕಡಿಮೆಯೇನಲ್ಲ. ಮಹದೇಶ್ವರ ಬೆಟ್ಟದಲ್ಲೋ ನಂಜನಗೂಡಿನಲ್ಲೋ ಮುಡಿ ಕೊಡುವ ಹರಕೆ ಇದ್ದೀತು. ಯುಗಾದಿ, ದೀಪಾವಳಿಗಳ ಎಣ್ಣೆಸ್ನಾನದಲ್ಲಿ ನೆತ್ತಿಗೆ ಹರಳೆಣ್ಣೆ ಒತ್ತಲು ಅಮ್ಮನೋ ಅಜ್ಜಿಯೋ ಕಾದಿರುತ್ತಾರೆ, ಎಣ್ಣೆಯೋ ಅಂಟಿನ ಹಗೆ. ಎಂಆರ್‌ಐ ಮಾಡಿಸಬೇಕಾಗಿ ಬಂದರೆ ಲೋಹದ ಕ್ಲಿಪ್ಪುಗಳಿರುವ ಪ್ಯಾಚನ್ನು ತೆಗೆದಿಟ್ಟೇ ಒಳಗೆ ಹೋಗಬೇಕು. ಆದ್ದರಿಂದ ಹತ್ತು ನಿಮಿಷದಲ್ಲಿ ನೀವೇ ಬಿಡಿಸಿಕೊಳ್ಳಲಾಗದ ಯಾವ ವಿಧಾನವೂ ನಮ್ಮ ಬದುಕಿಗೆ ಹೊಂದುವುದಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಈ ಅಳತೆಗೋಲಿನಿಂದ ನೋಡಿದರೆ ಕ್ಲಿಪ್ ಎಲ್ಲಕ್ಕಿಂತ ಸುಲಭದ್ದು: ಬೆಳಿಗ್ಗೆ ಸಿಕ್ಕಿಸಿ ರಾತ್ರಿ ಬಿಚ್ಚಿಡಬಹುದು, ನೆತ್ತಿಗೆ ಗಾಳಿ ಸಿಗುತ್ತದೆ, ಔಷಧಿ ಹಚ್ಚುವುದಕ್ಕೂ ತೊಂದರೆಯಿಲ್ಲ. ಆದರೆ ಕ್ಲಿಪ್ ಹಿಡಿದುಕೊಳ್ಳುವುದು ಸುತ್ತಲಿನ ನಮ್ಮದೇ ಕೂದಲನ್ನು. ವರ್ಷಗಟ್ಟಲೆ ಅದೇ ಜಾಗದಲ್ಲಿ ಜಗ್ಗುತ್ತಿದ್ದರೆ ಅಲ್ಲಿನ ಕೂದಲೂ ಉದುರಿ ಹೋಗುತ್ತದೆ, ಹೀಗಾಗಿ ಸಿಕ್ಕಿಸುವ ಜಾಗವನ್ನು ಆಗಾಗ ಸ್ವಲ್ಪ ಸರಿಸುತ್ತಿರಬೇಕು. ಎರಡೂ ಬದಿ ಅಂಟಿರುವ ಟೇಪಿಗಾಗಿ ನೆತ್ತಿಯ ಮೇಲ್ಭಾಗವನ್ನು ಬೋಳಿಸಬೇಕಾಗುತ್ತದೆ. ಬೋಳಿಸುವುದರಿಂದ ಕೂದಲ ಬುಡಕ್ಕೆ ಹಾನಿಯಿಲ್ಲ, ಆ ಭಯ ಬೇಡ. ಒಮ್ಮೆ ಹಾಕಿದ ಟೇಪ್ ಬೆವರು ಕಡಿಮೆಯಿರುವವರಲ್ಲಿ ಎರಡು ಮೂರು ವಾರ, ಹೆಚ್ಚು ಬೆವರುವವರಲ್ಲಿ ಕೆಲವೇ ದಿನ ನಿಲ್ಲುತ್ತದೆ; ಐಸೊಪ್ರೊಪೈಲ್ ಆಲ್ಕೊಹಾಲ್ ಸಿಂಪಡಿಸಿದರೆ ಬಿಡುತ್ತದೆ. ಕಲಿತರೆ ಯಾರ ಹಂಗೂ ಇಲ್ಲದ ವಿಧಾನ ಇದೇ, ನಾನೀಗ ಬಳಸುತ್ತಿರುವುದೂ ಇದನ್ನೇ. ದ್ರವದ ಅಂಟು ಅಂಚನ್ನು ಇನ್ನೂ ಸಹಜವಾಗಿ ಕೂರಿಸುತ್ತದೆ, ಆದರೆ ಶುಚಿಮಾಡುವ ಕೆಲಸ ದುಪ್ಪಟ್ಟು.

ವೀವಿಂಗ್ ಎಂದರೆ ಸುತ್ತಲಿನ ಕೂದಲನ್ನು ದಾರದೊಂದಿಗೆ ಬಿಗಿಯಾಗಿ ಹೆಣೆದು, ಅದಕ್ಕೆ ಪ್ಯಾಚನ್ನು ಹೊಲಿಯುವುದು. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಕೂದಲು ಬೆಳೆದಂತೆ ಆ ಹೆಣಿಗೆ ಮೇಲೆದ್ದು ಪ್ಯಾಚ್ ಅಲುಗಾಡುತ್ತದೆ, ಮತ್ತೆ ಬಿಗಿಗೊಳಿಸಬೇಕು. ಅಷ್ಟರಲ್ಲಿ ಒಳಗಿನ ನೆತ್ತಿಯನ್ನು ಉಜ್ಜಿ ತೊಳೆಯುವ ದಾರಿಯೇ ಇರುವುದಿಲ್ಲ. ಜಗ್ಗಾಟದಿಂದ ಕೂದಲು ನಾಶವಾಗುವ ಅಪಾಯವೂ ಇದರಲ್ಲೇ ಹೆಚ್ಚು. ಇದನ್ನು ‘ಪರ್ಮನೆಂಟ್’ ಎಂದು ಮಾರುವವರಿದ್ದಾರೆ. ಇದನ್ನು ಹಾಕಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಬಲೆ, ಪೊರೆ ಮತ್ತು ಕೂದಲು

ಪ್ಯಾಚಿನ ತಳಕ್ಕೆ ಬೇಸ್ ಎನ್ನುತ್ತಾರೆ. ಮಿರಾಜ್, ಆಗಸ್ಟಾ, ಆಕ್ಟಗಾನ್ ಎಂದು ಅಂಗಡಿಯವರು ಪಟಪಟನೆ ಹೇಳುವ ಹೆಸರುಗಳು ತಳದ ವಿನ್ಯಾಸಗಳವು. ಅವುಗಳಿಗೆ ತಲೆದೂಗುವ ಬದಲು ‘ಮುಂದೆ ಯಾವ ಬಟ್ಟೆ, ನಡುವೆ ಯಾವುದು, ಸುತ್ತ ಯಾವುದು’ ಎಂದು ಕೇಳಿ. ಬಟ್ಟೆಗಳು ಮುಖ್ಯವಾಗಿ ಮೂರು. ಲೇಸ್ ಎಂಬ ನವುರಾದ ಬಲೆಯಲ್ಲಿ ಗಾಳಿಯಾಡುತ್ತದೆ, ಹಣೆಯಂಚಿನಲ್ಲಿ ಚರ್ಮದೊಂದಿಗೆ ಬೆರೆತುಹೋಗುತ್ತದೆ, ಆದರೆ ಬೇಗ ಹರಿಯುತ್ತದೆ. ಮೋನೊ ಎಂಬ ಒತ್ತಾದ ಬಲೆ ಗಟ್ಟಿ; ಒಂದು ವರ್ಷದ ತನಕವೂ ಬಾಳಬಹುದು, ಆದರೆ ಮುಂದಿನ ಅಂಚಿಗೆ ಹಾಕಿದರೆ ಗೆರೆ ಎಳೆದಂತೆ ಕಾಣುತ್ತದೆ. ಸ್ಕಿನ್ ಅಥವಾ ಪಾಲಿ ಎನ್ನುವುದು ಪಾಲಿಯುರೆಥೇನ್ ಪೊರೆ. ಅದಕ್ಕೆ ಟೇಪ್ ಚೆನ್ನಾಗಿ ಹಿಡಿಯುತ್ತದೆ, ಒರೆಸುವುದು ಸುಲಭ, ಆದರೆ ಬೆವರು ಒಳಗೇ ನಿಲ್ಲುತ್ತದೆ.

ಮಾರ್ಚ್‌ನಿಂದ ಮೇ ತನಕ ಮಂಡ್ಯದ ಬಿಸಿಲಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಓಡಾಡುವವರಿಗೆ ಪೂರ್ತಿ ಪಾಲಿ ತಳ ಒಂದು ಶಿಕ್ಷೆ. ನಾನು ಎರಡನೆಯ ಪ್ಯಾಚಿನಲ್ಲಿ ಅದನ್ನು ಅನುಭವಿಸಿದ್ದೇನೆ: ಏಪ್ರಿಲ್‌ನಲ್ಲಿ ನೆತ್ತಿಯ ತುಂಬ ಬೆವರುಗುಳ್ಳೆ ಎದ್ದು, ಬೈಕ್ ನಿಲ್ಲಿಸಿ ಹೆಲ್ಮೆಟ್ ತೆಗೆದಾಗ ಪ್ಯಾಚಿನ ಹಿಂಭಾಗವೂ ಅದರೊಂದಿಗೇ ಮೇಲೆದ್ದಿತ್ತು. ಮುಂದೆ ಲೇಸ್, ನಡುವೆ ಮೋನೊ, ಟೇಪ್ ಹಿಡಿಯಲು ಬದಿಗಳಲ್ಲೂ ಹಿಂದೆಯೂ ಬೆರಳಗಲದ ಪಾಲಿ ಪಟ್ಟಿ, ಈ ಮಿಶ್ರಣ ನಮ್ಮ ಹವೆಗೆ ಸರಿಹೊಂದುತ್ತದೆ. ಮುಂದಿನ ಲೇಸನ್ನು ಪರೀಕ್ಷಿಸಲು ಅದನ್ನು ದಿನಪತ್ರಿಕೆಯ ಮೇಲೆ ಹರಡಿ. ಬಲೆಯ ಮೂಲಕ ಸಣ್ಣ ಅಕ್ಷರಗಳನ್ನು ತಡೆಯಿಲ್ಲದೆ ಓದಲು ಬಂದರೆ ಲೇಸ್ ನವುರಾಗಿದೆ. ಅಕ್ಷರಗಳ ಮೇಲೆ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆಗಳು ಕಂಡರೆ ಅವು ಕೂದಲ ಗಂಟುಗಳು, ಹಣೆಯ ಮೇಲೂ ಹಾಗೆಯೇ ಕಾಣುತ್ತವೆ. ಗಂಟುಗಳನ್ನು ಬ್ಲೀಚ್ ಮಾಡಿ ಮರೆಸಬಹುದು, ಆದರೆ ಬ್ಲೀಚ್ ಆದ ಗಂಟು ಸ್ವಲ್ಪ ದುರ್ಬಲವಾಗುತ್ತದೆ.

ಇನ್ನು ಕೂದಲಿನ ಮೂಲ. ನಮ್ಮ ದೇಶ ಮಾನವ ಕೂದಲನ್ನು ದೊಡ್ಡ ಪ್ರಮಾಣದಲ್ಲಿ ರಫ್ತು ಮಾಡುತ್ತದೆ. ಕೊಪ್ಪಳದ ಪಕ್ಕದ ಭಾಗ್ಯನಗರ ಈ ಕೂದಲನ್ನು ಹಸನುಮಾಡುವ ಕೆಲಸಕ್ಕೆ ಹೆಸರಾದ ಊರು. ಕೂದಲು ಬರುವುದು ಎರಡು ದಾರಿಯಿಂದ. ತಿರುಪತಿಯಂಥ ಕ್ಷೇತ್ರಗಳಲ್ಲಿ ಕೊಟ್ಟ ಮುಡಿ ಒಂದು. ಅದನ್ನು ಬುಡ ತುದಿ ಬೆರೆಯದಂತೆ ಜೋಡಿಸಿಟ್ಟರೆ ಅದಕ್ಕೆ ರೆಮಿ ಎಂಬ ಹೆಸರು. ಇನ್ನೊಂದು, ಬಾಚಣಿಗೆಯಲ್ಲಿ ಉಳಿದದ್ದು. ನಮ್ಮ ಕೇರಿಗಳಲ್ಲಿ ಹೆಂಗಸರು ಉದುರಿದ ಕೂದಲನ್ನು ಸುತ್ತಿ ಗೋಡೆಯ ಸಂದಿಯಲ್ಲಿಟ್ಟು, ಬೀದಿಯಲ್ಲಿ ಕೂಗುತ್ತ ಬರುವವರಿಗೆ ಕೊಟ್ಟು ಪಿನ್ನನ್ನೋ ಸ್ಟೀಲ್ ಬಟ್ಟಲನ್ನೋ ಪಡೆಯುವುದನ್ನು ನೀವೂ ಕಂಡಿರಬಹುದು. ಆ ಉಂಡೆಯಲ್ಲಿ ಬುಡ ಯಾವುದು ತುದಿ ಯಾವುದು ಎಂಬ ಲೆಕ್ಕವಿರುವುದಿಲ್ಲ. ಕೂದಲಿನ ಮೇಲೆ ಮೀನಿನ ಹುರುಪೆಯಂಥ ಪದರವಿದೆ. ಎಳೆಗಳು ಎದುರುಬದುರಾದರೆ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಜಡೆಗಟ್ಟುತ್ತವೆ. ಅದನ್ನು ತಪ್ಪಿಸಲು ಆಮ್ಲದಲ್ಲಿ ಅದ್ದಿ ಹುರುಪೆಯನ್ನೇ ತೆಗೆದು, ಸಿಲಿಕೋನ್ ಲೇಪಿಸಿ ಮಿರುಗಿಸುತ್ತಾರೆ. ಐದಾರು ಬಾರಿ ತೊಳೆದ ಮೇಲೆ ಲೇಪ ಹೋಗಿ ತೆಂಗಿನ ನಾರಿನಂತಾಗುತ್ತದೆ. ನಾನು ಮೇಲೆ ಹೇಳಿದ ಇಪ್ಪತ್ತೊಂದನೆಯ ದಿನದ ಮಾತು ಇದೇ.

ಪರೀಕ್ಷೆ ಸುಲಭ. ಒಂದೆಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಬುಡದಿಂದ ತುದಿಗೆ ಜಾರಿಸಿ, ಅನಂತರ ತುದಿಯಿಂದ ಬುಡಕ್ಕೆ. ಮೊದಲನೆಯದು ನುಣುಪಾಗಿ ಎರಡನೆಯದು ಕೊಂಚ ತರಿತರಿಯಾಗಿ ತಡೆದರೆ ಹುರುಪೆ ಉಳಿದಿದೆಯೆಂದು ಅರ್ಥ. ಎರಡೂ ಕಡೆ ಗಾಜಿನಂತೆ ಜಾರಿದರೆ ಲೇಪದ ಮೇಲೆ ಅನುಮಾನ ಪಡಬೇಕು. ಉದುರಿದ ಎಳೆಯೊಂದನ್ನು ಸುಟ್ಟು ನೋಡಿದರೆ ಮಾನವ ಕೂದಲು ಕಮಟು ವಾಸನೆ ಬಿಟ್ಟು ಬೂದಿಯಾಗುತ್ತದೆ, ಪ್ಲಾಸ್ಟಿಕ್ ಎಳೆ ಕರಗಿ ಗಟ್ಟಿ ಮಣಿಯಾಗುತ್ತದೆ. ಕೃತಕ ಎಳೆ ಹಾಕಿದವರು ಹೋಮಕುಂಡದ ಹತ್ತಿರವೂ ಗ್ಯಾಸ್ ಒಲೆಯ ಮೇಲೂ ಬಗ್ಗದಿರುವುದು ಒಳ್ಳೆಯದು. ನೆರೆಗೂದಲು ಬೇಕೆಂದವರಿಗೆ ಮಾತ್ರ ಬಿಳಿಯ ಎಳೆಗಳು ಅನೇಕ ವೇಳೆ ಕೃತಕವೇ ಆಗಿರುತ್ತವೆ, ಅದರಲ್ಲಿ ಮೋಸವೇನಿಲ್ಲ.

ದಟ್ಟಣೆಯ ವಿಷಯದಲ್ಲಿ ಆಸೆಯನ್ನು ಹಿಡಿದಿಡಬೇಕು. ನಲವತ್ತೈದರ ಮುಖಕ್ಕೆ ಇಪ್ಪತ್ತರ ಕೂದಲು ಕೂರಿಸಿದರೆ ಜನ ಮೊದಲು ನೋಡುವುದೇ ಅದನ್ನು. ನನ್ನ ಮೊದಲ ಪ್ಯಾಚಿನ ಮುಂಗೂದಲು ಹುಬ್ಬಿನಿಂದ ಮೂರು ಬೆರಳು ಮೇಲಕ್ಕೇ ಶುರುವಾಗುತ್ತಿತ್ತು, ಹಾಕಿಸಿಕೊಂಡು ಊರಿಗೆ ಹೋದಾಗ ಎದುರುಮನೆಯ ಹುಡುಗ “ಯಾವ ನಾಟ್ಕ ಕಣಣ್ಣ?” ಎಂದ. ನಾಲ್ಕು ಬೆರಳು ಬಿಟ್ಟು, ಎರಡೂ ಮೂಲೆಯಲ್ಲಿ ಸ್ವಲ್ಪ ಹಿಂದಕ್ಕೆ ಸರಿಸಿ, ಇರುವಷ್ಟು ನೆರೆಯನ್ನು ಬೆರೆಸಿ ಕೇಳಿ. ಎಂಟು ಇಂಚು ಉದ್ದ ಆರಿಂಚು ಅಗಲದ ಸಿದ್ಧ ಪ್ಯಾಚನ್ನೇ ಎಲ್ಲರಿಗೂ ಕೂರಿಸುವವರು ಆ ಅಳತೆಗೆ ಸರಿಯಾಗಿ ಇದ್ದ ಕೂದಲನ್ನೂ ಬೋಳಿಸಿಬಿಡುತ್ತಾರೆ. ಬೋಳಾದಷ್ಟೇ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಒತ್ತಿ ಅಚ್ಚು ತೆಗೆದು, ಅದರಂತೆ ಕತ್ತರಿಸಿ ಕೊಡುವವರನ್ನು ಹುಡುಕಿ.

ಹೆಂಗಸರಿಗೆ ಇದು ಹೊಸ ವಿದ್ಯೆಯೇನಲ್ಲ. ಜಡೆಗೆ ಚೌರಿ ಸೇರಿಸಿ ಮೊಗ್ಗು ಹೆಣೆದ ಊರು ನಮ್ಮದು. ಬೈತಲೆ ಅಗಲವಾದವರಿಗೆ ನೆತ್ತಿಯ ಮೇಲ್ಭಾಗಕ್ಕಷ್ಟೇ ಸಿಕ್ಕಿಸುವ, ಟಾಪರ್ ಎಂಬ ಕ್ಲಿಪ್ಪಿನ ಪ್ಯಾಚ್ ಸಾಕು, ಬೋಳಿಸುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಅದರ ಮೇಲೆ ಭಾರದ ಹೂವಿನ ದಂಡೆ ಮುಡಿದರೆ ಜಗ್ಗಾಟ ಹೆಚ್ಚುತ್ತದೆ. ಕೀಮೋಥೆರಪಿಗೆ ಹೋಗುವವರು ಕೂದಲು ಉದುರುವ ಮೊದಲೇ, ತಮ್ಮ ಬಣ್ಣ ಮತ್ತು ಬಗೆ ಹೊಂದಿಸಿಕೊಂಡು ವಿಗ್ ಆರಿಸುವುದು ಲೇಸು. ಚಿಕಿತ್ಸೆ ಮುಗಿದ ತಿಂಗಳುಗಳಲ್ಲಿ ಕೂದಲು ಸಾಮಾನ್ಯವಾಗಿ ಮರಳುವುದರಿಂದ ಅವರಿಗೆ ಅಂಟು ಬೇಡ. ಒಳಗೆ ಹತ್ತಿಯ ಟೋಪಿ ಹಾಕಿ ಮೇಲೆ ಪೂರ್ತಿ ವಿಗ್ ಇಟ್ಟುಕೊಂಡರೆ ಸೂಕ್ಷ್ಮವಾದ ಚರ್ಮಕ್ಕೂ ಹಿತ.

ಚರ್ಮ ಒಪ್ಪುತ್ತದೆಯೇ

ಅಂಟುಗಳಲ್ಲಿರುವ ಆಕ್ರಿಲೇಟ್ ಎಂಬ ರಾಸಾಯನಿಕಗಳಿಗೂ, ಪ್ಯಾಚಿಗೆ ಹಚ್ಚುವ ಕಪ್ಪು ಡೈನಲ್ಲಿರುವ ಪಿಪಿಡಿ ಎಂಬ ರಾಸಾಯನಿಕಕ್ಕೂ ಕೆಲವರ ಚರ್ಮ ಕೆರಳುತ್ತದೆ. ಆದ್ದರಿಂದ ಮುಂಗಡ ಕೊಡುವ ಮುನ್ನ, ಅವರು ಬಳಸುವ ಟೇಪಿನ ಒಂದು ಚೂರನ್ನೂ ಅಂಟಿನ ಒಂದು ಹನಿಯನ್ನೂ ಕೇಳಿ ಪಡೆದು ಕಿವಿಯ ಹಿಂದೆ ಅಥವಾ ಮುಂಗೈ ಒಳಭಾಗಕ್ಕೆ ಹಚ್ಚಿ 48 ಗಂಟೆ ಬಿಡಿ. ಕೆಂಪಾದರೆ, ಕಡಿತ ಬಂದರೆ ಆ ಅಂಟು ನಿಮಗಲ್ಲ. ಸೋರಿಯಾಸಿಸ್, ತೀವ್ರ ಹೊಟ್ಟು, ಕೀವುಗುಳ್ಳೆ ಇರುವವರು ಮೊದಲು ಅದನ್ನು ವಾಸಿಮಾಡಿಕೊಳ್ಳಬೇಕು. ಈ ಎರಡು ದಿನದ ಪರೀಕ್ಷೆಗೆ ಮುಖ ಸಿಂಡರಿಸುವ ಅಂಗಡಿಗೆ ಮತ್ತೆ ಹೋಗುವ ಅಗತ್ಯವಿಲ್ಲ.

ಅಂಗಡಿಯಲ್ಲಿ ಕುಳಿತಾಗ

ಗೋಡೆಯ ಮೇಲಿನ ‘ಮೊದಲು–ನಂತರ’ ಚಿತ್ರಗಳನ್ನು ಬಿಟ್ಟು, ಮೂರು ವಾರ ಹಾಕಿ ಸರ್ವೀಸಿಗೆ, ಅಂದರೆ ತೆಗೆಸಿ ತೊಳೆಸಿ ಮತ್ತೆ ಕೂರಿಸಿಕೊಳ್ಳಲು, ಬಂದ ಗಿರಾಕಿಯೊಬ್ಬರ ಒಪ್ಪಿಗೆ ಪಡೆದು ಅವರ ಪ್ಯಾಚನ್ನು ತೆಗೆಯುವಾಗ ನೋಡಲು ಬಿಡಬಹುದೇ ಎಂದು ಕೇಳಿ. ಶನಿವಾರ ಸಂಜೆ ಹೋಗಿ ಬೆಂಚಿನ ಮೇಲೆ ಒಂದು ಗಂಟೆ ಕುಳಿತರೂ ಸಾಕು. ಬಂದವರ ನೆತ್ತಿಯ ಸ್ಥಿತಿ, ಕೆಲಸದವರು ಕೈತೊಳೆಯುವ ರೀತಿ, ಒಬ್ಬರಿಗೆ ಬಳಸಿದ ಬ್ಲೇಡನ್ನು ಏನು ಮಾಡುತ್ತಾರೆ ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ. ಅನಂತರ ನೇರವಾಗಿ ಕೇಳಬೇಕಾದ್ದು: ತೆಗೆದು ಹಾಕುವುದನ್ನು ನನಗೆ ಕಲಿಸುತ್ತೀರಾ, ನನ್ನ ಕೈಯಿಂದಲೇ ಒಮ್ಮೆ ಮಾಡಿಸುತ್ತೀರಾ? ಹೌದು ಎನ್ನುವವರು ನಿಮ್ಮನ್ನು ಕಟ್ಟಿಹಾಕಲು ನೋಡುತ್ತಿಲ್ಲ. ‘ನಿಮ್ಮಿಂದ ಆಗೋಲ್ಲ ಸಾರ್, ನಮ್ಮ ಹತ್ರಾನೇ ಬನ್ನಿ’ ಎಂದರೆ ಅವರ ವ್ಯಾಪಾರ ಇರುವುದು ಪ್ಯಾಚಿನಲ್ಲಲ್ಲ, ಸರ್ವೀಸಿನಲ್ಲಿ.

ಆ ಸರ್ವೀಸಿನ ಲೆಕ್ಕವನ್ನು ವರ್ಷಕ್ಕೆ ಹಾಕಿ ನೋಡಬೇಕು. ಉದಾಹರಣೆಗೆ 12,000 ರೂಪಾಯಿಯ ಪ್ಯಾಚ್ ಎಂಟು ತಿಂಗಳು ಬಾಳಿದರೆ ವರ್ಷಕ್ಕೆ 18,000 ಆಯಿತು. ಮೂರು ವಾರಕ್ಕೊಮ್ಮೆ 800 ರೂಪಾಯಿಯಂತೆ ಹದಿನೇಳು ಸರ್ವೀಸಿಗೆ 13,600; ಟೇಪು, ಶಾಂಪೂ, ದ್ರಾವಣಕ್ಕೆ ತಿಂಗಳಿಗೆ 250ರಂತೆ 3,000. ಒಟ್ಟು 34,600 ರೂಪಾಯಿ. ಮಂಡ್ಯದಿಂದ ಮೈಸೂರಿಗೆ ನಲವತ್ತೈದು ಕಿಲೋಮೀಟರ್; ಹದಿನೇಳು ಬಾರಿ ಹೋಗಿಬರುವ ರಜೆ ಮತ್ತು ಬಸ್ಸಿನ ಖರ್ಚು ಇದರ ಮೇಲೆ. ನೀವೇ ಮಾಡಿಕೊಳ್ಳುವುದಾದರೆ ಆ ಹದಿಮೂರೂವರೆ ಸಾವಿರ ಕೈಯಲ್ಲೇ ಉಳಿಯುತ್ತದೆ. ನಿಮ್ಮ ಅಂಗಡಿ ಹೇಳುವ ಅಂಕಿಗಳನ್ನು ಇದೇ ಜಾಗದಲ್ಲಿಟ್ಟು ಕೂಡಿ ನೋಡಿ, ಆ ಮೊತ್ತವನ್ನು ಹತ್ತು ವರ್ಷ ಕೊಡಲು ಮನಸ್ಸು ಒಪ್ಪಿದರೆ ಮುಂದುವರಿಯಿರಿ.

ಬಿಲ್ಲಿನ ಮೇಲೆ ತಳದ ಬಟ್ಟೆ, ಅಳತೆ, ಮಾನವ ಕೂದಲೋ ಕೃತಕವೋ ಎಂಬುದು, ಎಷ್ಟು ದಿನದೊಳಗೆ ಜಡೆಗಟ್ಟಿದರೆ ಬದಲಿಸಿಕೊಡುತ್ತಾರೆಂಬುದು ಬರೆದಿರಲಿ. ನನ್ನ ಎರಡನೆಯ ಪ್ಯಾಚ್ ಒಂದೂವರೆ ತಿಂಗಳಲ್ಲಿ ನಾರಾದಾಗ ನನ್ನ ಬಳಿ ಇದ್ದದ್ದು ‘ಹೇರ್ ವರ್ಕ್’ ಎಂಬ ಎರಡೇ ಪದಗಳ ಚೀಟಿ, ಅದನ್ನು ಹಿಡಿದು ಜಗಳವನ್ನೂ ಆಡಲಾಗಲಿಲ್ಲ. ಸರಿಯಾದ ಬಿಲ್ ಇದ್ದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಅಂಗಡಿ ಎಲ್ಲೇ ಇರಲಿ, ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಇದೇ ಅಂಗಡಿಗಳಲ್ಲಿ ಪ್ಯಾಚಿನ ಜೊತೆಗೆ ‘ಬೋಳುತಲೆ ವಾಸಿಮಾಡುವ’ ಎಣ್ಣೆ, ಮಾತ್ರೆಗಳನ್ನೂ ತಳ್ಳುತ್ತಾರೆ. 1945ರ ಔಷಧ ನಿಯಮಗಳ ಜೆ ಅನುಸೂಚಿಯಲ್ಲಿ ಬೋಳುತಲೆಯ ಹೆಸರಿದೆ; ಆ ಪಟ್ಟಿಯಲ್ಲಿರುವುದನ್ನು ತಡೆಯುತ್ತೇನೆ, ವಾಸಿಮಾಡುತ್ತೇನೆ ಎಂದು ಯಾವ ಔಷಧವೂ ಹೇಳಿಕೊಳ್ಳುವಂತಿಲ್ಲ ಎಂಬುದನ್ನು ಅಲ್ಲೇ ನೆನಪಿಸಿದರೆ ಮಾತು ಬದಲಾಗುತ್ತದೆ.

ಮನೆಗೆ ತಂದ ಮೇಲೆ

ಮೊದಲ ಬಾರಿ ರಜೆಯ ಹಿಂದಿನ ಸಂಜೆ ಹಾಕಿಸಿ. ಮರುದಿನ ಹೆಲ್ಮೆಟ್ ಹಾಕಿ ಒಂದು ಸುತ್ತು ಹೋಗಿ, ಮಧ್ಯಾಹ್ನದ ಬಿಸಿಲಿನಲ್ಲಿ ನಡೆದು, ಮಗ್ಗುಲಾಗಿ ಮಲಗಿ ಎದ್ದು ನೋಡಿ. ಜನರೆದುರಿಗೆ ಹೋಗುವ ಮುನ್ನ ಸಡಿಲವಾಗುವ ಜಾಗ ಯಾವುದೆಂದು ನಿಮಗೆ ಗೊತ್ತಾಗಿರಬೇಕು. ನಾಲೆಯಲ್ಲಿ ಮುಳುಗು ಹಾಕುವುದನ್ನು ಬಿಡಬೇಕಾಗಿಲ್ಲ, ಆದರೆ ಅಂದು ರಾತ್ರಿಯೇ ಬಿಚ್ಚಿ ಒಣಗಿಸದಿದ್ದರೆ ನೆತ್ತಿ ನಾರುತ್ತದೆ.

ವಾರ ಹತ್ತು ದಿನಕ್ಕೊಮ್ಮೆ ನಾನು ತೆಗೆಯುವುದು ಹೀಗೆ. ಹಿಂದಿನ ಅಂಚಿಗೆ ಆಲ್ಕೊಹಾಲ್ ಸಿಂಪಡಿಸಿ, ಎರಡು ನಿಮಿಷ ಕಾದು, ಹಿಂದಿನಿಂದ ಮುಂದಕ್ಕೆ ನಿಧಾನವಾಗಿ ಬಿಡಿಸುತ್ತೇನೆ. ಲೇಸನ್ನು ಎಳೆಯದೆ ಟೇಪನ್ನೇ ಎಳೆಯಬೇಕು. ದೇವರ ದೀಪ, ಒಲೆ ಹತ್ತಿರವಿಲ್ಲದಂತೆ ನೋಡಿಕೊಳ್ಳುತ್ತೇನೆ, ಏಕೆಂದರೆ ಆ ದ್ರಾವಣಕ್ಕೆ ಬೆಂಕಿ ತಾಗಲು ಕಿಡಿ ಸಾಕು. ಸೀಮೆಎಣ್ಣೆ, ಥಿನ್ನರ್ ಬಳಸುವವರನ್ನು ನೋಡಿದ್ದೇನೆ, ಚರ್ಮ ಸುಡುತ್ತದೆ. ಪ್ಯಾಚನ್ನು ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಮೃದುವಾದ ಶಾಂಪೂ ಹಾಕಿ, ಉಜ್ಜದೆ, ಬುಡದಿಂದ ತುದಿಯ ಕಡೆಗೆ ಒಂದೇ ದಿಕ್ಕಿನಲ್ಲಿ ತೊಳೆಯುತ್ತೇನೆ. ನಮ್ಮ ಮನೆಯ ಬೋರ್‌ವೆಲ್ ನೀರು ಗಡುಸಾದ್ದರಿಂದ ಕೊನೆಯ ಚೊಂಬು ಕುಡಿಯುವ ಫಿಲ್ಟರ್ ನೀರಿನದು. ನೆತ್ತಿಯನ್ನೂ ಚೆನ್ನಾಗಿ ತೊಳೆದು, ರಾತ್ರಿಯಿಡೀ ಹಾಗೆಯೇ ಬಿಡುತ್ತೇನೆ. ಅಷ್ಟು ಹೊತ್ತು ಪ್ಯಾಚ್ ಅಡುಗೆಮನೆಯ ಕಿಟಕಿಯ ಪಕ್ಕ ಬೋರಲು ಹಾಕಿದ ಸ್ಟೀಲ್ ಚೊಂಬಿನ ಮೇಲೆ ಒಣಗುತ್ತಿರುತ್ತದೆ. ಆ ಚೊಂಬನ್ನು ಬೇರೆ ಕೆಲಸಕ್ಕೆ ಬಳಸಬಾರದೆಂದು ಮನೆಯಲ್ಲಿ ಕಟ್ಟುನಿಟ್ಟಾದ ಅಪ್ಪಣೆಯಾಗಿದೆ.